ಆರಿಸಿದವನು ಪಕ್ಕದ ಸೀಟಿಗೆ

ಸುತ್ತಿಗೆಯ ಮುಖವನ್ನು ಮೊದಲ ಸಲ ನೋಡಿದವರು ಅವನು ಯಾವುದೋ ಯುದ್ಧಭೂಮಿಯಿಂದ ನೇರ ಎದ್ದು ಬಂದಿದ್ದಾನೆಂದು ತಿಳಿಯುತ್ತಾರೆ. ತಿಳಿದರೆ ತಪ್ಪೇನಿಲ್ಲ. ಮೂಗು, ಈ ಕತೆಯ ಮೊದಲಲ್ಲಿ, ಎಡಕ್ಕೆ ಹೊರಳಿತ್ತು. ಮುಂದಿನ ಎರಡು ಹಲ್ಲು ಲೋಹದವು. ಬಲಗಿವಿಗೆ ಮೇಲ್ತುದಿಯಿಲ್ಲ. ಎಡ ಹೆಗಲಿನ ಮೂಳೆ ಮುರಿದು ಕೂಡಿಕೊಳ್ಳುವಾಗ ಅವಸರ ಮಾಡಿದ್ದರಿಂದ ಅಂಗಿ ಆ ಕಡೆ ಯಾವಾಗಲೂ ಒಂದು ಬೆರಳು ಮೇಲೆ ನಿಲ್ಲುತ್ತದೆ. ಇಷ್ಟೂ ಪರಾಕ್ರಮ ನಡೆದದ್ದು ಒಂದು ತಗಡಿನ ಶೆಡ್ಡಿನ ಸುತ್ತಮುತ್ತ. ಶತ್ರು ಬಹುಪಾಲು ಟರ್ಬೊ. ಟರ್ಬೊ ಕೈಗೆ ಸಿಗದ ದಿನ ಹೆಂಡತಿಯ ಅಣ್ಣ.

ಅವನಿಗೆ ಒಂದು ನಿಜವಾದ ಹೆಸರೂ ಇದೆ, ಆದರೆ ಅದನ್ನು ಅವನ ತಾಯಿಯೇ ಮರೆತಂತಿದೆ. ಸಣ್ಣ ನಟ್ಟು ಬಿಚ್ಚಿಕೊಳ್ಳದಿದ್ದರೂ ಅವನು ಮೊದಲು ಹುಡುಕುವುದು ಸುತ್ತಿಗೆಯನ್ನೇ ಆದ್ದರಿಂದ ಬೀದಿಗೆಲ್ಲ ಅವನು ಸುತ್ತಿಗೆಯಾದ. ಕಸುಬು ಸರಳ. ಸಭ್ಯವಾಗಿ ಓಡುತ್ತಿರುವ ಕಾರನ್ನು ತಂದು ನಿಲ್ಲಿಸಿದರೆ ಅದರ ಇಂಜಿನ್ ಬಿಚ್ಚಿ, ಅದನ್ನು ಮಾಡಿದ ಕಾರ್ಖಾನೆಯವರು ಕಂಡರೆ ಕೈಮುಗಿದು ಓಡಿಹೋಗುವಷ್ಟು ಉಗ್ರವಾಗಿ ಓಡುವಂತೆ ಮಾಡುವುದು. ಅದಕ್ಕೆ ಬೇಕಾದದ್ದು ಟರ್ಬೊ.

ಟರ್ಬೊ ಎಂದರೆ ಹೊಡೆತದ ಕಲೆ. ಇಂಜಿನ್ ಉಗುಳುವ ಬಿಸಿ ಹೊಗೆ ಹಿಂದಿನ ಕೊಳವೆಯಿಂದ ಸುಮ್ಮನೆ ಹೋಗಿ ಹಾಳಾಗುವ ಮೊದಲು ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಗೂಡೊಂದಕ್ಕೆ ನುಗ್ಗುತ್ತದೆ. ಅದೇ ಹೌಸಿಂಗು. ಶೆಡ್ಡಿನ ಭಾಷೆಯಲ್ಲಿ ಚಿಪ್ಪು. ಒಳಗೆ ಮುಷ್ಟಿಗಾತ್ರದ, ರೆಕ್ಕೆಗಳ ಚಕ್ರ. ಅದು ಟರ್ಬೈನು. ಹೊಗೆಯ ಏಟಿಗೆ ಆ ಚಕ್ರ ತಲೆಕೆಟ್ಟಂತೆ ಗಿರಗಿರನೆ ಸುತ್ತುತ್ತದೆ, ಅದೇ ಸರಳಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯ ಕುತ್ತಿಗೆ ಹಿಡಿದು ಇಂಜಿನ್ನಿನ ಗಂಟಲಿಗೆ ತುರುಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಬೆಂಕಿ, ಹೆಚ್ಚು ಒದೆತ. ಚಿಪ್ಪು ಚಿಕ್ಕದಾದರೆ ಹೊಗೆ ಇರುಕಿನಲ್ಲಿ ಸಿಕ್ಕಿ ಬೇಗ ರೇಗುತ್ತದೆ. ಪೆಡಲಿಗೆ ಕಾಲಿಟ್ಟ ಕೂಡಲೇ ಕಾರು ಜಿಗಿಯುತ್ತದೆ, ಆದರೆ ತುದಿಯ ವೇಗದಲ್ಲಿ ಏದುಸಿರು ಬಿಡುತ್ತದೆ. ಚಿಪ್ಪು ದೊಡ್ಡದಾದರೆ ಕಾಲಿಟ್ಟರೂ ನಿದ್ದೆ, ಒತ್ತಿದರೂ ನಿದ್ದೆ, ಇನ್ನು ಇದು ಸತ್ತೇ ಹೋಯಿತೆಂದುಕೊಳ್ಳುವಾಗ ಭೂಕಂಪ.

ಇದು ಅರ್ಥವಾಗದವರಿಗೆ ಬೀದಿಯವರು ಸುತ್ತಿಗೆಯನ್ನೂ ಅವನ ಹೆಂಡತಿಯನ್ನೂ ತೋರಿಸುತ್ತಿದ್ದರು. ಹೆಂಡತಿ ಚಿಕ್ಕ ಚಿಪ್ಪು. ಮಾತು ಮುಗಿಯುವ ಮೊದಲೇ ಏಟು, ಏಟಿನ ಹಿಂದೆಯೇ ಸಮಾಧಾನ. ಗಂಡ ದೊಡ್ಡ ಚಿಪ್ಪು. ಬೆಳಿಗ್ಗೆ ಬೈದರೆ ಮಧ್ಯಾಹ್ನ ಊಟ ಮಾಡುತ್ತ ಕಣ್ಣು ಕೆಂಪಾಗುತ್ತದೆ, ಸಂಜೆ ಯಾರೋ ಆಸ್ಪತ್ರೆಗೆ ಹೋಗುತ್ತಾರೆ. ಹಾಗಾಗಿ ಅವನು ಯಾವ ಇಂಜಿನ್ನಿಗೂ ದೊಡ್ಡದನ್ನೇ ಆರಿಸುತ್ತಿದ್ದ. ಲೆಕ್ಕ ಹಾಕದೆ ಆರಿಸುತ್ತಿದ್ದನೆಂದಲ್ಲ. ಲೆಕ್ಕವೆಲ್ಲ ಹಾಕಿ, ಬಂದ ಉತ್ತರವನ್ನು ದುರುಗುಟ್ಟಿ ನೋಡಿ, ಅದಕ್ಕಿಂತ ಒಂದು ಗಾತ್ರ ದೊಡ್ಡದನ್ನು ಎತ್ತಿಕೊಳ್ಳುತ್ತಿದ್ದ.

ಶೆಡ್ಡಿನಲ್ಲಿ ಒಂದೇ ಕಾನೂನು. ಅವನಿಗೆ ಕೆಲಸ ಕಲಿಸಿದ ಗುರು ಇಟ್ಟುಹೋದದ್ದು. ಟರ್ಬೊ ಆರಿಸಿದವನು ಮೊದಲ ಓಟದಲ್ಲಿ ಓಡಿಸುವವನ ಪಕ್ಕದ ಸೀಟಿನಲ್ಲಿ ಕೂರಬೇಕು. ಇಂಜಿನ್ ಆರುವ ತನಕ ಬಾಯಿ ಬಿಡಬಾರದು. ಆರಿಸಿದವನ ತಪ್ಪು ಆರಿಸಿದವನ ಮೂಳೆಗೇ ತಾಗಲಿ ಎಂಬುದು ಮೊದಲ ಭಾಗದ ನ್ಯಾಯ. ಎರಡನೆಯ ಭಾಗ ಯಾಕೆ ಸೇರಿತೆಂದು ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಗುರುವಿಗೆ ನಾಲಿಗೆಯ ತುದಿ ಇರಲಿಲ್ಲ. ಸುತ್ತಿಗೆಯ ಮೈಮೇಲಿನ ಒಂದೊಂದು ಗುರುತೂ ಒಂದೊಂದು ಚಿಪ್ಪಿನ ಬಳುವಳಿ. ಹೆಗಲು ಮುರಿದದ್ದು ಹಸಿರು ಕಾರಿನಲ್ಲಿ, ಮೂಗು ಹೊರಳಿದ್ದು ಡಾಕ್ಟರ ಕಾರಿನಲ್ಲಿ. ಆ ಸಲ ಡಾಕ್ಟರು ಪಕ್ಕದಲ್ಲೇ ಇದ್ದರು, ಆದರೆ ಅವರಿಗೆ ಪ್ರಜ್ಞೆ ಇರಲಿಲ್ಲ.

ಬೀದಿಯ ಆಚೆ ಬದಿಯಲ್ಲಿ, ಸರಿಯಾಗಿ ಎದುರಿಗೆ, ಲೇತಿನ ಭಾವನ ಶೆಡ್ಡು. ಹೆಂಡತಿಯ ಅಣ್ಣ. ಲೇತೆಂಬ ಯಂತ್ರದಲ್ಲಿ ಕಬ್ಬಿಣವನ್ನು ತಿರುಗಿಸಿ ಕೊರೆದು ಕನ್ನಡಿ ಮಾಡುವ ಮನುಷ್ಯ, ಜೊತೆಗೆ ತಾನೂ ಕಾರು ಕಟ್ಟುತ್ತಿದ್ದ. ಇವರಿಬ್ಬರ ಕಾಳಗ ಬೀದಿಯ ಮನರಂಜನೆ. ಬೀಗರ ಮರ್ಯಾದೆ ಬಿಡಬಾರದೆಂದು ಇಬ್ಬರೂ ಬಹುವಚನದಲ್ಲೇ ಹೊಡೆದಾಡುತ್ತಿದ್ದರು.

“ನಿಮ್ಮ ದವಡೆ ಪುಡಿ ಮಾಡ್ತೀನಿ, ಭಾವ.”

“ದಯವಿಟ್ಟು ಮಾಡಿ, ಭಾವ. ಅಷ್ಟರಲ್ಲಿ ನಿಮ್ಮ ಮಂಡಿ ಎಲ್ಲಿರುತ್ತೆ ಅಂತ ಸ್ವಲ್ಪ ನೋಡ್ಕೊಳ್ಳಿ.”

ಇನ್ನು ಸುತ್ತಿಗೆಯ ಮಗಳು. ಕಾಲು ಪೆಡಲಿಗೆ ಎಟುಕಿದ ದಿನದಿಂದ ಓಡಿಸುತ್ತಿದ್ದಳು. ಬೆಟ್ಟ ಹತ್ತುವ ಓಟದಲ್ಲಿ ಅಪ್ಪ ಕಟ್ಟಿದ ಕಾರಿನಲ್ಲಿ ನುಗ್ಗುತ್ತಿದ್ದಳು. ಸುತ್ತಿಗೆ ಲೋಕದಲ್ಲಿ ಯಾರ ಪಕ್ಕದಲ್ಲಾದರೂ ಬಾಯಿ ಮುಚ್ಚಿಕೊಂಡು ಸುಖವಾಗಿ ಕೂತಿದ್ದರೆ ಅದು ಅವಳ ಪಕ್ಕದಲ್ಲಿ ಮಾತ್ರ. ಬೇರೆಯವರು ಓಡಿಸುವಾಗ ಅವನು ಕಾನೂನಿಗಾಗಿ ಸುಮ್ಮನಿರುತ್ತಿದ್ದ. ಅವಳು ಓಡಿಸುವಾಗ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ.

ಕಿವಿ ಹೋದ ದಿನ ಎಲ್ಲ ಶುರುವಾಯಿತು. ದೊಡ್ಡ ಚಿಪ್ಪು ನಿದ್ದೆಗೆ ಜಾರದಿರಲೆಂದು ಅವಳು ತಿರುವು ತಿರುವಿನಲ್ಲೂ ಇಂಜಿನ್ನನ್ನು ಚೀರಿಸಿಕೊಂಡೇ ಇರಬೇಕಿತ್ತು. ಓಟ ಮುಗಿಸಿ ಶೆಡ್ಡಿಗೆ ಬಂದು ನಿಂತ ಮೇಲೆ ಸುತ್ತಿಗೆ ಬಾನೆಟ್ಟಿಗೆ ಕಿವಿಯಿಟ್ಟು, ಸಂಗೀತ ಕೇಳುವವನಂತೆ ಕಣ್ಣು ಮುಚ್ಚಿ, “ಒತ್ತು” ಎಂದ. ಅವಳು ಒತ್ತಿದಳು. ದಣಿದಿದ್ದ ಚಕ್ರದ ರೆಕ್ಕೆಯೊಂದು ಕಿತ್ತುಕೊಂಡಿತು. ಚಿಪ್ಪು ಸೀಳಿ, ಬಾನೆಟ್ಟು ಸೀಳಿ, ಕಿವಿಯ ತುದಿಯನ್ನು ನಾಜೂಕಾಗಿ ಎತ್ತಿಕೊಂಡು, ತಗಡಿನ ಸೂರಿನಲ್ಲಿ ಹೊಸದೊಂದು ಕಿಂಡಿ ಮಾಡಿ ಹೊರಟುಹೋಯಿತು. ರಕ್ತ ಗಾಜಿನ ಮೇಲೆಲ್ಲ ಚಿಮ್ಮಿತು. ಮಗಳು ಕೂತಲ್ಲೇ ವೈಪರ್ ಹಾಕಿ, ಅಪ್ಪನ ತಲೆ ಇನ್ನೂ ಇದೆಯೇ ಎಂದು ನೋಡಿದಳು.

ಇತ್ತು. ಅದು ನಗುತ್ತಲೂ ಇತ್ತು. “ಏನು ಸದ್ದು ಕಣೇ!”

ಅವಳು ನಗಲಿಲ್ಲ. ಕೈಗೆ ಸಿಕ್ಕಿದ ಬಟ್ಟೆಯನ್ನು ಅವನ ಕಿವಿಗೆ ಒತ್ತಿ ಹಿಡಿದು, “ಅಪ್ಪ, ಒಂದು ಬೆರಳು ಆಚೆ ಹೋಗಿದ್ರೆ ನಾನೇ ನಿನ್ನ ಕೊಂದಂಗಾಗ್ತಿತ್ತು,” ಎಂದಳು. “ಕೇಳಿಸ್ಕೋ, ಇನ್ನೊಂದು ಕಿವಿ ಇದೆಯಲ್ಲ. ಇನ್ನೊಂದು ಟರ್ಬೊ ಒಡೀತು ಅಂದ್ರೆ ನಾನು ಕಾರು ತಗೊಂಡು ಮಾವನ ಶೆಡ್ಡಿಗೆ ಹೋಗ್ತೀನಿ. ಅಲ್ಲೇ ಓಡಿಸ್ತೀನಿ.”

ಕಾರು ಅವಳದೇ. ಹೋದರೆ ತಡೆಯುವ ಹಾಗಿರಲಿಲ್ಲ. ಎಷ್ಟೋ ಮೂಳೆ ಮುರಿದಾಗಲೂ ಊಟ ಬಿಡದ ಸುತ್ತಿಗೆ ಅಂದು ಊಟ ಬಿಟ್ಟ. ಕಿವಿಗೆ ಹೊಲಿಗೆ ಹಾಕುವಾಗ ನರ್ಸಮ್ಮ “ನೋವಾಗ್ತಿದೆಯಾ?” ಎಂದು ಕೇಳಿದರೆ, “ಎದುರುಗಡೆ ಶೆಡ್ಡಿಗಂತೆ, ಎದುರುಗಡೆ,” ಎಂದನಂತೆ.

ಕೆಲವು ವಾರ ಕಳೆದು ಹೊಸದನ್ನು ಆರಿಸುವ ದಿನ ಬಂತು. ಮೇಜಿನ ಮೇಲೆ ಎರಡು ಚಿಪ್ಪು, ಎರಡು ಚಕ್ರ. ದೊಡ್ಡದು ಕುಂಬಳಕಾಯಿಯಂತೆ ಕೂತಿತ್ತು. ಸುತ್ತಿಗೆ ಅದರ ಬೆನ್ನು ಸವರುತ್ತಿದ್ದ. ಮಗಳು ಚಿಕ್ಕದನ್ನು ಅವನ ಮುಂದೆ ತಳ್ಳಿದಳು.

“ಇದು, ಮತ್ತೆ ಈ ನಡುಗಾತ್ರದ ಚಕ್ರ.”

“ಆಟದ ಸಾಮಾನು,” ಎಂದ ಸುತ್ತಿಗೆ. “ಪೀಪಿ ಊದೋಕೆ ಚೆನ್ನಾಗಿದೆ.”

“ಬೆಟ್ಟದ ರಸ್ತೆಲಿ ನೇರ ಎಲ್ಲಿದೆ ತೋರ್ಸು ಅಪ್ಪ. ಎಲ್ಲ ತಿರುವು. ತಿರುವಿಂದ ಆಚೆ ಬರುವಾಗ ನಂಗೆ ಎಳೆತ ಬೇಕು. ನಿನ್ನ ಈ ಹಂಡೆ ಮೈಮುರಿದು ಏಳೋ ಹೊತ್ತಿಗೆ ಮುಂದಿನ ತಿರುವು ಬಂದಿರುತ್ತೆ.”

“ಎದ್ದಾಗ ಏನು ಏಳುತ್ತೆ ಅಂತ ಗೊತ್ತಾ ನಿಂಗೆ?”

“ಗೊತ್ತು. ಎದುರಿಗೆ ಬಂಡೆ ಇರೋ ಜಾಗದಲ್ಲೇ ಏಳುತ್ತೆ.”

ಹೆಂಡತಿ ಬಾಗಿಲಲ್ಲಿ ನಿಂತು ಸೌತೆಕಾಯಿ ತಿನ್ನುತ್ತಿದ್ದಳು. “ಅವಳ ಮಾತು ಕೇಳಿ ರೀ. ಓಡಿಸೋಳು ಅವಳು. ನೀವು ಕೂತು ಪೆಟ್ಟು ತಿನ್ನೋರು.”

ಸುತ್ತಿಗೆ ಗೊಣಗುತ್ತ ಚಿಕ್ಕ ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗೆ ಕಣ್ಣಿಟ್ಟ. ಚಕ್ರ ಸರಿಯಾಗಿ ಕೂರುವಂತೆ ಯಾರೋ ಒಳಗನ್ನು ಕೊರೆದಿದ್ದರು. ಚಕ್ರವನ್ನು ಇಟ್ಟು ನೋಡಿದರೆ ರೆಕ್ಕೆಗೂ ಗೋಡೆಗೂ ನಡುವೆ ಕಾಗದದ ಹಾಳೆ ಮಾತ್ರ ತೂರಬಹುದು. ಕೊರೆದ ಜಾಗ ಎಷ್ಟು ನುಣುಪಾಗಿತ್ತೆಂದರೆ ಅದರಲ್ಲಿ ಸುತ್ತಿಗೆಗೆ ತನ್ನ ಅರ್ಧ ಕಿವಿ ಕಂಡಿತು. ಅಷ್ಟು ಜಂಭದಿಂದ ಕಬ್ಬಿಣ ಕೊರೆಯುವವನು ಆ ಬೀದಿಯಲ್ಲಿ ಒಬ್ಬನೇ.

ಅವನು ಚಿಪ್ಪನ್ನು ಮೆಲ್ಲಗೆ, ಮೊಟ್ಟೆಯಂತೆ, ಮೇಜಿನ ಮೇಲಿಟ್ಟ. ಒಂದು ಬೋಲ್ಟು ಒರೆಸಿದ. ಅದನ್ನೇ ಮತ್ತೆ ಒರೆಸಿದ. ಕುತ್ತಿಗೆಯಿಂದ ಕೆಂಪು ಮೇಲೇರತೊಡಗಿತು.

“ಏಳ್ತಾ ಇದೆ,” ಎಂದಳು ಹೆಂಡತಿ, ಸೌತೆಕಾಯಿ ಕೆಳಗಿಟ್ಟು. “ಪಕ್ಕಕ್ಕೆ ಸರಿ ಕಣೇ.”

ಸುತ್ತಿಗೆ ದೊಡ್ಡ ಚಿಪ್ಪನ್ನು ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟಿದ. ಲಾರಿಯೊಂದು ಬ್ರೇಕು ಹಾಕಿ ಅವನಿಗೆ ದಾರಿ ಬಿಟ್ಟಿತು. ಲೇತಿನ ಭಾವ ಯಂತ್ರದ ಮೇಲೆ ಬಾಗಿದ್ದ. ತಲೆಯೆತ್ತಿ, “ಬನ್ನಿ ಭಾವ, ಕಾಫಿ...” ಎನ್ನುವಷ್ಟರಲ್ಲಿ ಚಿಪ್ಪು ಗಾಳಿಯಲ್ಲಿತ್ತು. ಅವನು ತಗ್ಗಿದ. ಹಿಂದಿದ್ದ ಕಬ್ಬಿಣದ ಕಪಾಟು ತಗ್ಗಲಿಲ್ಲ. ಅದರ ಬಾಗಿಲು ಒಳಗೆ ಹೋಗಿ, ಒಳಗಿದ್ದ ಡ್ರಿಲ್ಲುಗಳೆಲ್ಲ ಹೊರಗೆ ಬಂದವು.

“ನನ್ನ ಮಗಳನ್ನ ಕದೀತೀರಾ, ಭಾವ?”

“ಚಿಪ್ಪು ಕೊರೆದು ಕೊಟ್ಟೆ, ಭಾವ! ತಾವು ಮೊದಲು ನನ್ನ ಕತ್ತು ಬಿಡಬೇಕು!”

ಬಿಡಲಿಲ್ಲ. ಭಾವ ಪೈಪಿನ ಪಾನಾ ಎತ್ತಿ ಸುತ್ತಿಗೆಯ ಮಂಡಿಗೆ ಬಾರಿಸಿದ. ಸುತ್ತಿಗೆ ಬೀಳುವಾಗ ಒಬ್ಬನೇ ಬೀಳಲಿಲ್ಲ. ಇಬ್ಬರೂ ಲೇತಿನ ಕೆಳಗೆ ಗುಡ್ಡೆಯಾಗಿದ್ದ ಕಬ್ಬಿಣದ ಸುರುಳಿಗಳ ಮೇಲೆ ಹೊರಳಾಡಿದರು. ಆ ಸುರುಳಿಗಳು ಬ್ಲೇಡಿನಷ್ಟು ಹರಿತ. ಏಳುವಾಗ ಇಬ್ಬರ ಬೆನ್ನ ಮೇಲೂ ಬೆಕ್ಕಿನ ಗುಂಪೊಂದು ದಾಳಿ ಮಾಡಿದಂತಿತ್ತು. ಭಾವನ ಬಾಯಿಂದ ಹಲ್ಲೊಂದು ಹಾರಿ ಎಣ್ಣೆ ಡಬ್ಬಿಗೆ ಬಿತ್ತು. “ಅದು ಗಟ್ಟಿ ಹಲ್ಲಾಗಿತ್ತಲ್ಲ, ಭಾವ,” ಎಂದು ಅವನು ನೊಂದುಕೊಂಡು, ನೊಂದುಕೊಂಡ ಬಾಯಿಂದಲೇ ಸುತ್ತಿಗೆಯ ಹೆಬ್ಬೆರಳು ಕಚ್ಚಿದ. ಬೀದಿಯ ಜನ ಬಾಗಿಲಲ್ಲಿ ನೆರೆದು, ಮಹಾಯುದ್ಧ ನೋಡುವ ಗಾಂಭೀರ್ಯದಿಂದ ಜಾಗಕ್ಕಾಗಿ ತಳ್ಳಾಡಿದರು.

ಆಗ ಹೆಂಡತಿ ಬಂದಳು. ಕೈಯಲ್ಲಿ ಕಾರು ತೊಳೆಯುವ ಪೈಪು, ಕೆಸರನ್ನು ಮಾತ್ರವಲ್ಲ ಬಣ್ಣವನ್ನೂ ಎಬ್ಬಿಸುವಂಥ ನೀರಿನ ರಭಸ. ಒಬ್ಬ ಒಡಹುಟ್ಟಿದವನು, ಒಬ್ಬ ಕೈಹಿಡಿದವನು. ಅವಳು ಭೇದ ಮಾಡಲಿಲ್ಲ. ಇಬ್ಬರನ್ನೂ ಒಂದೇ ಏಟಿಗೆ ಗೋಡೆಗೆ ಒರಗಿಸಿದಳು.

ಭಾವ ನೀರು ಉಗುಳಿ ಹೇಳಿದ: “ಆರಿಸಿದ್ದು ನಾನಲ್ಲ, ಭಾವ. ನಿಮ್ಮ ಮಗಳು.”

ಮಗಳು ಬಾಗಿಲಲ್ಲಿ ನಿಂತಿದ್ದಳು. “ಹೌದು, ನಾನೇ. ಶೆಡ್ಡಿನ ಕಾನೂನು ಏನಪ್ಪ? ಆರಿಸಿದವರು ಪಕ್ಕದ ಸೀಟಿಗೆ. ಹಾಗಾದ್ರೆ ಪಕ್ಕದ ಸೀಟು ನಂದು. ಸ್ಟೀರಿಂಗು ನಿಂದು.”

ಓಡಿಸುವವಳೇ ಆರಿಸಿದರೆ ಏನು ಗತಿ ಎಂದು ನಾಲಿಗೆಯ ತುದಿ ಕಳೆದುಕೊಂಡ ಗುರುವೂ ಯೋಚಿಸಿರಲಿಲ್ಲ. ಸುತ್ತಿಗೆ ಕಾರು ಕಟ್ಟುತ್ತಿದ್ದ, ಕಾರಿನಲ್ಲಿ ಕೂತು ಮೂಳೆ ಮುರಿದುಕೊಳ್ಳುತ್ತಿದ್ದ. ರಭಸವಾಗಿ ಓಡಿಸಿ ಎಷ್ಟೋ ವರ್ಷಗಳಾಗಿದ್ದವು. ಆದರೆ ಎಲ್ಲರೆದುರು ತನ್ನದೇ ಕಾನೂನು ಮುರಿಯುವುದಕ್ಕಿಂತ ಇನ್ನೊಂದು ಮೂಳೆ ಮುರಿಯುವುದು ಅವನಿಗೆ ಸುಲಭ. “ಆಯ್ತು,” ಎಂದ, ಕಚ್ಚಿಸಿಕೊಂಡ ಹೆಬ್ಬೆರಳು ಚೀಪುತ್ತ.

ಮರುದಿನ ಬೆಳಿಗ್ಗೆ ಅಪ್ಪ ಮಗಳು ಸೇರಿ ಚಿಕ್ಕ ಚಿಪ್ಪು ಕೂರಿಸಿದರು. ಬೆರಳ ತುದಿಯಲ್ಲಿ ಚಕ್ರ ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ಕಿವಿಗೊಟ್ಟು ಕೇಳಿದರು. ಸುತ್ತಿಗೆ ಒಂದೂ ನಟ್ಟಿಗೆ ಸುತ್ತಿಗೆ ಎತ್ತಲಿಲ್ಲ. ಇದು ಒಡೆದರೆ ಮಗಳು ರಸ್ತೆಯ ಆಚೆ. ಅವನ ಕೈ ಎಂದೂ ಇಲ್ಲದಷ್ಟು ಮೃದುವಾಗಿತ್ತು.

ಕಲ್ಲುಗಣಿಯ ರಸ್ತೆ ಬೀದಿಯ ತುದಿಯಿಂದ ಹೊರಟು, ಗುಡ್ಡ ಸುತ್ತಿ, ಮತ್ತೆ ಬೀದಿಗೇ ಇಳಿಯುತ್ತದೆ. ಸುತ್ತಿಗೆ ಹಣೆಯಲ್ಲಿ ಬೆವರು ಹೊತ್ತು ಹೊರಟ. ಮಗಳು ಪಕ್ಕದಲ್ಲಿ ತುಟಿ ಬಿಗಿಹಿಡಿದು ಕೂತಳು. ಮೊದಲ ತಿರುವಿನಿಂದ ಹೊರಬರುತ್ತ ಅವನು ಕಾಲಿಟ್ಟ. ಕಾರು ಅಂಡಿಗೆ ಒದೆ ತಿಂದಂತೆ ಮುಂದೆ ಚಿಮ್ಮಿತು. ಕಾಯಬೇಕಿರಲಿಲ್ಲ. ಬೇಡಬೇಕಿರಲಿಲ್ಲ. ಎರಡನೆಯ ತಿರುವು, ಮತ್ತೆ ಒದೆ. ಮೇಲೆ ಹೋದಂತೆ ಸುತ್ತಿಗೆಯ ಲೋಹದ ಹಲ್ಲು ನಗುವಿನಲ್ಲಿ ಹೊರಗೆ ಬಂದವು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಪೆಟ್ಟು ತಿಂದವನಿಗೆ ಈ ಕಡೆಯ ಸೀಟಿನಲ್ಲಿ ಇಂಥದ್ದೊಂದು ಸುಖವಿದೆಯೆಂದು ಯಾರೂ ಹೇಳಿರಲಿಲ್ಲ. ಅವನು ಹೋ ಎಂದು ಕೂಗಿದ. ಓಡಿಸುವವನು ಕೂಗಬಾರದೆಂಬ ಕಾನೂನಿಲ್ಲ.

ಕೊನೆಯ ತಿರುವು ಬೀದಿಗೆ ಬಾಯಿ ತೆರೆಯುತ್ತದೆ. ದೂರದಲ್ಲಿ ಲೇತಿನ ಭಾವ ಊದಿದ ದವಡೆ ಹಿಡಿದು ತನ್ನ ಶೆಡ್ಡಿನ ಮುಂದೆ ನಿಂತಿದ್ದ. ಅವನಿಗೆ ಒಂದು ಗರ್ಜನೆ ಕೇಳಿಸಲೇಬೇಕೆಂದು ಸುತ್ತಿಗೆಗೆ ಅನ್ನಿಸಿತು. ಜನ್ಮವಿಡೀ ದೊಡ್ಡ ಚಿಪ್ಪಿನ ಜೊತೆ ಬಾಳಿದವನ ಕಾಲು ಆಗ ತನ್ನ ಅಭ್ಯಾಸದ ಕೆಲಸ ಮಾಡಿತು. ದೊಡ್ಡದಾದರೆ ತಿರುವಿಗೆ ಮೊದಲೇ ಪೂರ್ತಿ ಒತ್ತಿ ಎಬ್ಬಿಸಬೇಕು, ತಿರುವು ಮುಗಿಯುವಾಗ ಅದು ಏಳುತ್ತದೆ. ಅವನು ತಿರುವಿಗೆ ಮೊದಲೇ ಪೂರ್ತಿ ಒತ್ತಿದ. ಚಿಕ್ಕದು ಎದ್ದೇ ಇತ್ತು.

ಕಾರು ತಿರುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅಡ್ಡಡ್ಡ ಜಾರಿ, ಕಸದ ತೊಟ್ಟಿಯನ್ನು ಆಕಾಶಕ್ಕೆ ಕಳಿಸಿ, ಸುತ್ತಿಗೆಯದೇ ಶೆಡ್ಡಿನ ಬೋರ್ಡನ್ನು ಎರಡು ತುಂಡು ಮಾಡಿ, ಒಂದು ಸುತ್ತು ತಿರುಗಿ, ನೇರ ಎದುರುಗಡೆಗೆ ಮೂತಿಯಿಟ್ಟಿತು. ಲೇತಿನ ಭಾವ ದವಡೆ ಬಿಟ್ಟು ಓಡಿದ. ತಗಡಿನ ಗೋಡೆ ಕಿರುಚಿತು. ಎಣ್ಣೆ ಪೀಪಾಯಿ ಒಡೆಯಿತು. ಡ್ರಿಲ್ಲಿನ ಕಪಾಟು ಎರಡನೆಯ ಸಲ ಪ್ರಾಣ ಬಿಟ್ಟಿತು. ಕಡೆಗೆ ಲೇತು, ಆ ಶೆಡ್ಡಿನಲ್ಲಿ ಸುತ್ತಿಗೆಗಿಂತ ಗಟ್ಟಿಯಿದ್ದ ಒಂದೇ ವಸ್ತು, ಕಾರಿನ ಎದೆಗೆ ಎದೆಕೊಟ್ಟು ನಿಲ್ಲಿಸಿತು. ಸ್ಟೀರಿಂಗಿಗೆ ಬಡಿದು ಸುತ್ತಿಗೆಯ ಮೂಗು ಈ ಸಲ ಬಲಕ್ಕೆ ಹೊರಳಿತು. ಬೀದಿಯ ಕೆಲವರ ಪ್ರಕಾರ ಈಗ ಸರಿಯಾಗಿದೆ.

ಧೂಳಿನ ನಡುವೆ ಇಂಜಿನ್ ಇನ್ನೂ ಗುನುಗುತ್ತಿತ್ತು. ಸುತ್ತಿಗೆ ಮೆಲ್ಲಗೆ ಪಕ್ಕಕ್ಕೆ ನೋಡಿದ. ಮಗಳು ಕೂತಿದ್ದಳು. ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿದ ರಭಸಕ್ಕೆ ಕೆಳತುಟಿ ಸೀಳಿ ಗಲ್ಲದ ತುಂಬ ರಕ್ತ. ಬಲ ಮಣಿಕಟ್ಟು ಇರಬಾರದ ಕಡೆಗೆ ಮಡಚಿಕೊಂಡಿತ್ತು. ಆದರೂ ಒಂದು ಮಾತಿಲ್ಲ, ಒಂದು ಚೀರಿಲ್ಲ. ಅವನ ಮೈಯ ಯಾವ ಪೆಟ್ಟೂ ಅವನನ್ನು ಹಾಗೆ ಹಿಂಡಿರಲಿಲ್ಲ.

ಮುರಿದ ತಗಡಿನ ಅಡಿಯಿಂದ ಲೇತಿನ ಭಾವ ತೆವಳಿ ಬಂದು ಕಿಟಕಿಗೆ ಮುಖವಿಟ್ಟ. ಅವನಿಗೆ ಮಗಳು ಹಾಕಿದ್ದ ಷರತ್ತು ಗೊತ್ತಿತ್ತು. “ಬನ್ನಿ ಭಾವ, ಬನ್ನಿ! ಕಾರು ನಮ್ಮ ಶೆಡ್ಡಿಗೇ ಬಂದುಬಿಡ್ತಲ್ಲ!”

ಸುತ್ತಿಗೆ ಬೆಲ್ಟು ಬಿಚ್ಚದೆ ಕಿಟಕಿಯಿಂದಲೇ ಬಾರಿಸಿದ. ಭಾವ ಅವನ ಕೊರಳಪಟ್ಟಿ ಹಿಡಿದು ಹೊರಗೆಳೆದ. ಬೆಲ್ಟು ಒಳಗೆಳೆಯಿತು. ಹೀಗೆ ಒಳಗೂ ಹೊರಗೂ ಹೋಗುತ್ತ ಬರುತ್ತ ಇಬ್ಬರೂ ಬಹುವಚನದಲ್ಲಿ ಗುದ್ದಾಡುತ್ತಿರುವಾಗ ಮಗಳು ಎಡಗೈ ಚಾಚಿ ಕೀಲಿ ತಿರುಗಿಸಿದಳು. ಇಂಜಿನ್ ಆರಿತು. ಈಗ ಬಾಯಿ ಬಿಡಬಹುದು.

“ಒಡೆದಿಲ್ಲ,” ಎಂದಳು.

ಎತ್ತಿದ ಮುಷ್ಟಿಗಳು ನಿಂತವು.

“ಟರ್ಬೊ ಒಡೆದಿಲ್ಲ. ಒಡೆದಿದ್ದು ಗೋಡೆ. ನಾನು ಗೋಡೆ ವಿಷಯ ಹೇಳೇ ಇರಲಿಲ್ಲ.” ಅವಳು ರಕ್ತ ಉಗುಳಿದಳು. “ಚಿಪ್ಪು ಸರಿ ಇದೆ ಅಪ್ಪ. ನೀನು ಕಾಲಿಟ್ಟಿದ್ದು ದೊಡ್ಡದಕ್ಕೆ.”

ಸುತ್ತಿಗೆ ತನ್ನ ಬಲಗಾಲನ್ನು, ಪರರ ಕಾಲನ್ನು ನೋಡುವಂತೆ, ಬಹಳ ಹೊತ್ತು ನೋಡಿದ. “ಹೂಂ,” ಎಂದ. ಅವನ ಬಾಯಿಂದ ಸೋಲು ಅಷ್ಟು ಚಿಕ್ಕದಾಗಿ ಹೊರಬಂದದ್ದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಅಂಗಿ ಹರಿದು ಅವಳ ಕೈಗೆ ಕಟ್ಟಿದ.

ಭಾವನ ಗೋಡೆಯನ್ನು ಈ ಸಲ ಇಟ್ಟಿಗೆಯಲ್ಲಿ ಇಬ್ಬರು ಭಾವಂದಿರೂ ಸೇರಿ ಎಬ್ಬಿಸಿದರು, ನಡುವೆ ಎರಡು ಸಲ ಕೆಡವಿಕೊಂಡು. ಇಟ್ಟಿಗೆ ಒಳ್ಳೆಯ ಆಯುಧವೆಂದು ಇಬ್ಬರಿಗೂ ಗೊತ್ತಾಗಿತ್ತು.

ಆದರೆ ಕಾನೂನಿನ ತೊಡಕು ಹಾಗೇ ಉಳಿಯಿತು. ಇನ್ನು ಮುಂದೆಯೂ ಅವಳೇ ಆರಿಸಿದರೆ ಮೊದಲ ಓಟ ಪ್ರತಿಸಲವೂ ಸುತ್ತಿಗೆಯದು. ಇದನ್ನು ಯೋಚಿಸಿಯೇ ಬೀದಿಯ ಎರಡು ಅಂಗಡಿಯವರು ಬಾಗಿಲ ಮುಂದೆ ಕಲ್ಲಿನ ಕಂಬ ನೆಟ್ಟುಕೊಂಡರು.

ಮಗಳ ಕೈ ಕೂಡಿ, ಮುಂದಿನ ಕಾರಿಗೆ ಚಿಪ್ಪು ಆರಿಸುವ ದಿನ ಅವಳು ಮೇಜಿನ ಸುತ್ತ ಓಡಾಡಿ, ಅಳೆದು ನೋಡಿ, ಒಂದನ್ನು ಮುಂದೆ ತಳ್ಳಿದಳು. ಸುತ್ತಿಗೆ ಗೋಡೆಗೆ ಮುಖಮಾಡಿ ನಿಂತಿದ್ದ. ತಿರುಗಿ ಬಂದು, ಮೇಜಿನ ಮೇಲೆ ಸುತ್ತಿಗೆಯಿಂದ ಒಂದೇಟು ಬಿಗಿದ. ಸ್ಪ್ಯಾನರುಗಳೆಲ್ಲ ಎದ್ದು ಕೂತವು.

“ಇದು ನಾನು ಆರಿಸಿದ್ದು,” ಎಂದು ಬೀದಿಗೆಲ್ಲ ಕೇಳುವಂತೆ ಸಾರಿದ. “ಯಾರಿಗಾದ್ರೂ ಸಂಶಯ ಇದೆಯಾ?”

“ಯಾವುದು ಅಂತಾದರೂ ನೋಡಿದ್ರಾ ರೀ?” ಎಂದಳು ಹೆಂಡತಿ.

“ನೋಡೋದೇನಿದೆ,” ಎಂದು ಅವನು ಪಕ್ಕದ ಸೀಟಿಗೆ ಹೋಗಿ ಕೂತು ಬೆಲ್ಟು ಬಿಗಿದುಕೊಂಡ.

ಕಲ್ಲುಗಣಿಯ ಮೊದಲ ತಿರುವಿನಲ್ಲೇ ಕಾರು ಒದ್ದು ಹಾರಿತು. ಅವನ ತಲೆ ಸೂರಿಗೆ ಬಡಿಯಿತು. ಹಿಡಿದಿದ್ದ ಹಿಡಿಕೆ ಕಿತ್ತು ಕೈಗೆ ಬಂತು. “ಹೇಗಿದೆ ಅಪ್ಪ?” ಎಂದು ಮಗಳು ಬೇಕೆಂದೇ ಕೇಳಿದಳು. ಇಂಜಿನ್ ಓಡುತ್ತಿತ್ತು. ಸುತ್ತಿಗೆ ಕಿತ್ತುಬಂದ ಹಿಡಿಕೆಯನ್ನು ಎದೆಗೊತ್ತಿಕೊಂಡು, ತುಟಿ ಬಿಗಿದು, ಹಣೆಯಿಂದ ಇಳಿಯುತ್ತಿದ್ದ ರಕ್ತವನ್ನು ಒರೆಸಿಕೊಳ್ಳದೆ, ಮುಂದಿನ ತಿರುವನ್ನೇ ನೋಡುತ್ತ ಕೂತಿದ್ದ.